ಬೋರಲು ಕುಂಡ

ಬಳಗಾನೂರಿನಿಂದ ಬರುವವನು ಬೇರೆ ಯಾರಾದರೂ ಆಗಿರಬಹುದು. ಊರು ದೊಡ್ಡದು. ಜೇನು ಬಿಡಿಸುವವನು ಒಬ್ಬನೇ ಇರುತ್ತಾನೆಯೇ? ಮಲ್ಲೇಶ ಕನ್ನಡಿಯ ಮುಂದೆ ನಿಂತು, ಗಡ್ಡಕ್ಕೆ ಹಚ್ಚಿಕೊಂಡ ಸೋಪಿನ ನೊರೆ ಒಣಗುವವರೆಗೂ ಇದನ್ನೇ ಯೋಚಿಸಿದ. ನೊರೆ ಬಿಗಿದು ಚರ್ಮ ಎಳೆಯತೊಡಗಿದಾಗ ಮುಖ ತೊಳೆದುಕೊಂಡ. ಗಡ್ಡ ಹಾಗೇ ಉಳಿಯಿತು.

ಕೆಳಗಿನಿಂದ ಮನೆಯೊಡತಿ ವೀರಭದ್ರಮ್ಮನ ದನಿ ಮೆಟ್ಟಿಲು ಹತ್ತಿ ಬಂತು.

"ಸರ, ಎದ್ದೀರೇನ್ರಿ? ಇವತ್ತ ಎಲ್ಲಿಗೂ ಹೋಗಬ್ಯಾಡ್ರಿ. ಜೇನ ಬಿಡಸಾಂವ ಬರಾಕತ್ಯಾನ. ಸಿದ್ದಲಿಂಗೇಶ ಅಂಗಡಿಗೆ ಹೋಗ್ಯಾನ. ಮನ್ಯಾಗ ಒಬ್ರರೆ ಗಂಡಸರು ಇರಬೇಕಲ್ರಿ."

"ನನಗ ಕಾಲೇಜಿನ್ಯಾಗ ಸ್ವಲ್ಪ ಕೆಲಸ ಇತ್ರಿ ಅಮ್ಮ."

"ಐತ್ವಾರ ಎಂಥಾ ಕಾಲೇಜ್ರಿ?"

ಅವನು ಉತ್ತರ ಹುಡುಕುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ವೀರಭದ್ರಮ್ಮ ಪ್ರಶ್ನೆ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿರಲಿಲ್ಲ. ಈ ಮನೆಯಲ್ಲಿ ಅವನು ಉಳಿದುಕೊಂಡದ್ದೇ ಅದರಿಂದ.

ಸಿಂಧನೂರಿನಲ್ಲಿ ಅವನಿಗೆ ಮನೆ ಸುಲಭವಾಗಿ ಸಿಕ್ಕಿರಲಿಲ್ಲ. ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ ಎಂದರೆ ಎಲ್ಲರೂ ಬಾಗಿಲು ತೆರೆಯುತ್ತಿದ್ದರು. "ನೀವು ಯಾವ ಪೈಕಿ?" ಎಂದು ಕೇಳಿ ತಿಳಿದ ಮೇಲೆ ಅದೇ ಮನೆಗೆ ಸುಣ್ಣ ಬಳಿಯುವುದು ಬಾಕಿ ಇರುತ್ತಿತ್ತು, ಇಲ್ಲವೇ ಊರಿನಿಂದ ಯಾರೋ ತಮ್ಮ ಬರುವವನಿರುತ್ತಿದ್ದ. ವೀರಭದ್ರಮ್ಮ ಮಾತ್ರ ಬೇರೆ ಥರ ಕೇಳಿದ್ದರು. "ಮಲ್ಲೇಶ ಅಂದ್ರ ನಮ್ಮವರ ಇರಬೇಕಲ್ರಿ?"

ಅವನು ಹೂಂ ಎನ್ನಲಿಲ್ಲ. ಅಲ್ಲ ಎನ್ನಲಿಲ್ಲ. ಬಗ್ಗಿ ಶೂ ಬಿಚ್ಚತೊಡಗಿದ. ಲೇಸು ಗಂಟುಬಿದ್ದಿತ್ತು. ಅದನ್ನು ಬಿಡಿಸಿ ತಲೆಯೆತ್ತುವಷ್ಟರಲ್ಲಿ ಅವರು ಚಹಾಕ್ಕೆ ಇಟ್ಟಿದ್ದರು. ಯಾವೂರು ಎಂದಾಗ ಬಳಗಾನೂರು ಎನ್ನುವ ಬದಲು ಮುದಗಲ್ ಎಂದ. ಮುದಗಲ್ಲಿನ ಹಾಸ್ಟೆಲಿನಲ್ಲಿ ಓದಿದ್ದು ನಿಜವೇ. ಹಾಗೆ ನೋಡಿದರೆ ಅವನು ಅಂದು ಒಂದೂ ಸುಳ್ಳು ಹೇಳಿರಲಿಲ್ಲ. ಸುಳ್ಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಿದ್ದ, ಅಷ್ಟೆ.

ಆಮೇಲೆ ಎಲ್ಲ ತಾನೇ ನಡೆಯಿತು. ಸೋಮವಾರ ಬೆಳಿಗ್ಗೆ ಅವರು ತಟ್ಟೆಯಲ್ಲಿ ವಿಭೂತಿ ತರುತ್ತಿದ್ದರು, ಅವನು ಹಚ್ಚಿಕೊಳ್ಳುತ್ತಿದ್ದ. ಮೊಟ್ಟೆ ತಿನ್ನಬೇಕೆನಿಸಿದರೆ ಬಸ್ ನಿಲ್ದಾಣದ ಆಚೆ ಖಾಸಿಂಬಿಯ ಗಾಡಿಗೆ ಹೋಗಿ, ಬರುವಾಗ ಬಾಯಿಗೆ ಸೋಂಪು ಹಾಕಿಕೊಳ್ಳುತ್ತಿದ್ದ. ಲಿಂಗಸುಗೂರಿನಲ್ಲಿ ತಂಗಿಯ ಜೊತೆಗಿದ್ದ ಅವ್ವನನ್ನು ಒಮ್ಮೆಯೂ ಕರೆತರಲಿಲ್ಲ. "ಮೆಟ್ಲ ಭಾಳ ಅದಾವ, ನಿನ್ನ ಮೊಣಕಾಲಿಗೆ ಆಗಂಗಿಲ್ಲ" ಎನ್ನುತ್ತಿದ್ದ. ಅವ್ವ ಈಗಲೂ ನಾಟಿ ಹಚ್ಚಲು ಹೋಗುತ್ತಿದ್ದಳು.

ಅವನು ಕೋಣೆಯಿಂದ ಹೊರಗೆ ಬಂದು ಮಾಳಿಗೆಯ ಮೇಲೆ ನಿಂತ. ಕಟ್ಟೆಯ ಗೋಡೆಯುದ್ದಕ್ಕೂ ವೀರಭದ್ರಮ್ಮನ ಕುಂಡಗಳು: ದಾಸವಾಳ, ಕಣಗಿಲ, ಪೂಜೆಗೆಂದು ಬೆಳೆಸಿದ ಗಿಡ್ಡ ಬಿಲ್ವ. ಸಾಲಿನ ತುದಿಗೆ, ಮೂಲೆಯಲ್ಲಿ, ಅವನ ಒಂದೇ ಒಂದು ಕುಂಡ ಬೋರಲು ಬಿದ್ದಿತ್ತು. ನೀರು ಬಸಿಯಲೆಂದು ತಳದಲ್ಲಿ ಬಿಟ್ಟ ತೂತು ಈಗ ನೆತ್ತಿಯಾಗಿತ್ತು. ಆ ತೂತಿನಿಂದ ಜೇನುಹುಳಗಳು ಬರುತ್ತಿದ್ದವು, ಹೋಗುತ್ತಿದ್ದವು.

ಅದು ತಂಗಿ ಅಂಬಿಕಾ ಕೊಟ್ಟ ಕುಂಡ. ಅವಳು ಶಾಲೆಯ ಟೀಚರು. ಹಿಂದಿನ ಬೇಸಿಗೆಯಲ್ಲಿ ಬುದ್ಧಪೂರ್ಣಿಮೆ ಮುಗಿಸಿಕೊಂಡು ಬಂದವಳು, ಅದರಲ್ಲೊಂದು ಅರಳಿ ಸಸಿ ನೆಟ್ಟು ತಂದಿದ್ದಳು. ಕುಂಡಕ್ಕೆ ತಾನೇ ನೀಲಿ ಬಣ್ಣ ಬಳಿದು, ಮೇಲೊಂದು ಬಿಳಿಯ ಚಕ್ರ ಬರೆದಿದ್ದಳು. "ಬೋಧಿ ಐತಣ್ಣ, ದಿನಾ ನೀರು ಹಾಕು" ಎಂದು ಹೇಳಿ ಬಸ್ ಹತ್ತಿದಳು.

ಅವಳು ಹೋದ ಮೇಲೆ ಅವನು ಮಾಡಿದ ಮೊದಲ ಕೆಲಸ, ಚಕ್ರವನ್ನು ಗೋಡೆಯ ಕಡೆಗೆ ತಿರುಗಿಸಿದ್ದು. ಅದು ಸಾಲಲಿಲ್ಲ. ನೀಲಿ ಬಣ್ಣ ಎಲ್ಲ ಕಡೆಯಿಂದಲೂ ಕಾಣುತ್ತಿತ್ತು. ವೀರಭದ್ರಮ್ಮ ತಮ್ಮ ಗಿಡಗಳಿಗೆ ನೀರು ಹಾಕುತ್ತ ಆ ಮೂಲೆಗೆ ಬಂದಾಗಲೆಲ್ಲ ಅವನು ಕಿಟಕಿಯಿಂದ ಅವರ ಕೈಯನ್ನೇ ನೋಡುತ್ತಿದ್ದ. "ಇದಕ್ಕ ನಾನ ಹಾಕ್ತೀನಿ ಬಿಡ್ರಿ ಅಮ್ಮ" ಎಂದ. ಹಾಕಲಿಲ್ಲ. ಕಿತ್ತು ಎಸೆಯುವುದು ಅವನಿಂದ ಆಗುತ್ತಿರಲಿಲ್ಲ. ಒಣಗಲು ಬಿಡುವುದು ಆಗುತ್ತಿತ್ತು.

ಸಸಿ ಒಣಗಿ ಕಡ್ಡಿಯಾದ ಮೇಲೆ ಒಂದು ದಿನ ವೀರಭದ್ರಮ್ಮ ಕೇಳಿದ್ದರು: "ಆ ಅರಳಿ ಸಸಿ ಏನಾತ್ರಿ ಸರ? ಚಲೋ ಚಿಗುರಿತ್ತಲ್ಲ. ಇದ್ದಿದ್ರ ದೊಡ್ಡ ಕುಂಡಕ್ಕ ಹಚ್ಚಿ ನಾ ದಿನಾ ಸುತ್ತು ಬರ್ತಿದ್ದೆ."

ಅವನು ಆ ಸಂಜೆ ಮಣ್ಣು ಸುರಿದು ಕುಂಡವನ್ನು ಬೋರಲು ಹಾಕಿದ. ದೀಪಾವಳಿಯ ಆಸುಪಾಸಿಗೆ ಹುಳಗಳು ತೂತನ್ನು ಕಂಡುಕೊಂಡವು.

ಮೊದಮೊದಲು ಅವನಿಗೆ ಅವುಗಳ ಮೇಲೆ ಒಂದು ಬಗೆಯ ಮಮತೆ ಇತ್ತು. ಸಂಜೆ ಕುರ್ಚಿ ಹಾಕಿಕೊಂಡು ನೋಡುತ್ತ ಕೂರುತ್ತಿದ್ದ. ಹೊರಗಿನವರಿಗೆ ಕಾಣುವುದು ಬರೀ ಒಂದು ಖಾಲಿ ಕುಂಡ. ಒಳಗೆ ಕತ್ತಲಲ್ಲಿ ಏನು ಕಟ್ಟಿದೆ, ಎಷ್ಟು ಕಟ್ಟಿದೆ, ಯಾರಿಗೂ ತಿಳಿಯದು. ಅಚ್ಚುಕಟ್ಟಾದ ಸಂಸಾರ ಎಂದುಕೊಳ್ಳುತ್ತಿದ್ದ.

ಸಂಡಿಗೆ ಒಣಹಾಕಲು ಬಂದ ವೀರಭದ್ರಮ್ಮನ ಕಣ್ಣಿಗೆ ಅವು ಬಿದ್ದದ್ದು ಹೋದ ವಾರ. ಅವರು ಬೆದರಲಿಲ್ಲ. ಕೈ ಮುಗಿದರು. ಶಿವರಾತ್ರಿಯ ಅಭಿಷೇಕಕ್ಕೆ ಶಿವನೇ ಮನೆಬಾಗಿಲಿಗೆ ಜೇನು ಕಳಿಸಿದ್ದಾನೆ ಎಂದರು. ಪೇಟೆಯಿಂದ ಒಂದು ಬಾಟಲಿ ತಂದುಕೊಡುತ್ತೇನೆ ಎಂದ ಮಲ್ಲೇಶ. "ಅದು ಬೆಲ್ಲದ ಪಾಕರಿ" ಎಂದರು. ಮಗ ಸಿದ್ದಲಿಂಗೇಶ ತನ್ನ ಗೊಬ್ಬರದಂಗಡಿಗೆ ಬರುವ ರೈತರನ್ನು ವಿಚಾರಿಸಿದ. ಬಳಗಾನೂರಿನಲ್ಲಿ ಒಬ್ಬನಿದ್ದಾನೆ ಎಂದು ಯಾರೋ ಹೇಳಿದರು.

"ಯಾರೋ ಏನೋ, ಅಮ್ಮ. ಪೂಜಿಗೆ ಬ್ಯಾರೆ" ಎಂದು ಮಲ್ಲೇಶ ನಿನ್ನೆ ಕೊನೆಯ ಪ್ರಯತ್ನ ಮಾಡಿದ್ದ. ಹೇಳಿದ ಮೇಲೆ, ತಾನು ಏನು ಹೇಳಿದೆ ಎಂಬುದು ಕಿವಿಗೆ ಬಿತ್ತು.

"ಯಾವನ ಕೈಲೆ ಬಂದ್ರೂ ನಡೀತೈತ್ರಿ. ಜೇನತುಪ್ಪಕ್ಕ ಮೈಲಿಗಿ ಇಲ್ಲ" ಎಂದಿದ್ದರು ವೀರಭದ್ರಮ್ಮ.

ಬಿಸಿಲು ಏರಿತು. ಕೆಳಗೆ ಗೇಟು ಕಿರುಗುಟ್ಟಿತು. ಮಲ್ಲೇಶ ಕೋಣೆಯೊಳಗೆ ಹೋಗಿ ಒಂದು ಪುಸ್ತಕ ಬಿಡಿಸಿ ಕುಳಿತ. ಅಂಗಳದಲ್ಲಿ ಮಾತು ಕೇಳಿಸುತ್ತಿತ್ತು.

"ಬಾರಪ್ಪ. ನೀನ ಏನು ಜೇನ ಬಿಡಸಾಂವ? ಏನ್ ಹೆಸರು?"

"ಅಂಬಪ್ಪ ಅಂತಾರ್ರಿ."

ಪುಸ್ತಕದ ಅಕ್ಷರಗಳು ಇದ್ದಲ್ಲೇ ಇದ್ದವು. ಅವನ ಕಣ್ಣು ಅವುಗಳ ಮೇಲೆ ಸುಮ್ಮನೆ ಕೂತಿತು. ಅವ್ವನ ಒಡಹುಟ್ಟಿದ ತಮ್ಮ. ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆ ದಾಟಿಸಿದ ಸೋದರಮಾವ.

"ಯಾವ ಪೈಕಿ ನೀವು?"

"ಎಸ್ಸಿ ಅದೀವ್ರಿ ಅಮ್ಮಾರ. ಕೇರಿ ಮಂದಿ."

ವಯಸ್ಸು ಕೇಳಿದರೆ ಹೇಳುವ ಹಾಗೆ ಹೇಳಿದ. ಅಷ್ಟು ಸಲೀಸು. ಮಲ್ಲೇಶನಿಗೆ ಎಂದೋ ಗಂಟುಬಿದ್ದ ಶೂ ಲೇಸು ನೆನಪಾಯಿತು.

"ಇರ್ಲಿ ಬಿಡು, ನಮ್ಮಲ್ಲಿ ಅದೆಲ್ಲ ಇಲ್ಲ. ಹಿತ್ತಲ ಮೆಟ್ಲಿಲಿಂದ ಮ್ಯಾಲ ಹೋಗು. ಸರ ಅದಾರ, ತೋರಸ್ತಾರ."

ಹೆಜ್ಜೆಗಳು ಮೇಲೆ ಬಂದವು, ಹಿಂದೆಯೇ ವೀರಭದ್ರಮ್ಮನ ಏದುಸಿರು. ಬಾಗಿಲು ಹಾಕಿಕೊಳ್ಳಬಹುದಿತ್ತು. ಹೊಟ್ಟೆನೋವು ಎನ್ನಬಹುದಿತ್ತು. ಮಲ್ಲೇಶ ಎದ್ದು ಹೊರಗೆ ಬಂದ. ಮಾಳಿಗೆಯ ತುದಿಯಲ್ಲಿ ಅಂಬಪ್ಪ ನಿಂತಿದ್ದ. ತಲೆಗೆ ಕೆಂಪು ಟವೆಲು, ಕೈಯಲ್ಲಿ ಗೋಣಿಚೀಲ. ಮಲ್ಲೇಶನನ್ನು ಕಂಡಿದ್ದೇ ಅವನ ಮುಖ ಅರಳಿತು. ಬಾಯಿ ತೆರೆಯಿತು.

"ಬಾರಪ್ಪ" ಎಂದ ಮಲ್ಲೇಶ, ಅವನಿಗಿಂತ ಮೊದಲೇ. "ಇಲ್ಲೈತಿ ನೋಡು ಗೂಡು."

ತೆರೆದ ಬಾಯಿ ಒಂದು ಗಳಿಗೆ ಹಾಗೇ ನಿಂತಿತು. ಅಂಬಪ್ಪ ಅವನನ್ನು ನೋಡಿದ. ಹಿಂದೆ ನಿಂತ ವೀರಭದ್ರಮ್ಮನನ್ನು ನೋಡಿದ. ಕುಂಡವನ್ನು ನೋಡಿದ.

"ಹೂಂರಿ ಸರ" ಎಂದ.

ಆಮೇಲೆ ಏನೂ ಆಗದವನಂತೆ ಕುಂಡದ ಸುತ್ತ ಒಂದು ಸುತ್ತು ಬಂದ. "ಚಲೋ ಜಾಗ ಹಿಡದಾವ್ರಿ ಅಮ್ಮಾರ. ಬಾಡಿಗಿ ಬರೋಬ್ಬರಿ ಕೊಡಾಕತ್ಯಾವೋ ಇಲ್ಲೋ?"

"ಎಲ್ಲೀ ಬಾಡಿಗಿ!" ವೀರಭದ್ರಮ್ಮ ನಕ್ಕರು. "ಹೇಳದ ಕೇಳದ ಬಂದು ಕುಂತಾವ ನೋಡು. ನಮಗ ಗೊತ್ತಾಗೂದರಾಗ ಸಂಸಾರ ಹೂಡ್ಯಾವ."

"ಹಂಗ ಇರ್ತಾವ್ರಿ ಕೆಲವು" ಎಂದ ಅಂಬಪ್ಪ. ಅವನೂ ನಕ್ಕ. ಮಲ್ಲೇಶ ನಗಬೇಕೋ ಬೇಡವೋ ತಿಳಿಯದೆ ತುಟಿ ಎಳೆದ.

ಜೇನು ಹಿಡಿಯಲು ಪಾತ್ರೆ ತರುತ್ತೇನೆಂದು ವೀರಭದ್ರಮ್ಮ ಕೆಳಗಿಳಿದರು. ಮಾಳಿಗೆಯ ಮೇಲೆ ಇಬ್ಬರೇ ಉಳಿದರು. ಅಂಬಪ್ಪ ಗೋಣಿಯ ತುಂಡನ್ನು ಸುರುಳಿ ಸುತ್ತಿ ಬೆಂಕಿ ಹಚ್ಚಿದ. ಅದು ಹತ್ತಲಿಲ್ಲ. ಬೈದುಕೊಂಡು ಮತ್ತೆ ಹಚ್ಚಿದ.

"ಅಕ್ಕ ಹೆಂಗದಾಳ?" ಎಂದ, ತಲೆ ಎತ್ತದೆ.

"ಆರಾಮ ಅದಾಳ."

"ಮೊಣಕಾಲು?"

"ಆರಾಮ." ಮಲ್ಲೇಶ ಮೆಟ್ಟಿಲ ಕಡೆ ನೋಡಿದ. "ಮಾವ, ಇಲ್ಲಿ ಏನಾಗೈತಿ ಅಂದ್ರ..."

"ಗೊತ್ತಾತು ಬಿಡು."

"ಹಂಗಲ್ಲ. ಮನಿ ಸಿಗಂಗಿಲ್ಲ ಈ ಊರಾಗ. ನೀ ತಪ್ಪು ತಿಳ್ಕೊಬ್ಯಾಡ."

"ನಾ ಏನೂ ತಿಳ್ಕೊಂಡಿಲ್ಲ, ಅಳಿಯಾ. ಹೊಗಿ ಹಿಡಿ. ಅತ್ಲಾಗ ಅಲ್ಲ, ಇತ್ಲಾಗ ಊದು."

ಮಲ್ಲೇಶ ಹೊಗೆಯುಗುಳುವ ಗೋಣಿಯನ್ನು ಹಿಡಿದುಕೊಂಡ. ಕಣ್ಣು ಉರಿಯಿತು. ಹಾಗೆ ಉರಿದದ್ದು ಒಳ್ಳೆಯದೇ ಆಯಿತು.

"ಮನಿ ಚಲೋ ಐತಿ" ಎಂದ ಅಂಬಪ್ಪ ಸುತ್ತ ನೋಡುತ್ತ. "ಗಾಳಿ ಬರ್ತೈತಿ."

ಟವೆಲನ್ನು ಮುಖಕ್ಕೆ ಸುತ್ತಿಕೊಂಡು ಕುಂಡವನ್ನು ಮೆಲ್ಲಗೆ ವಾಲಿಸಿದ. ಗೋಡೆಯ ಕಡೆಗಿದ್ದ ಮೈ ಹೊರಳಿ ಬಿಸಿಲಿಗೆ ಬಂತು. ಬಿಳಿಯ ಚಕ್ರ, ಒಂದೊಂದು ಕಡ್ಡಿಯೂ ಅಂಬಿಕಾಳ ಕೈಯ ನಡುಕದೊಂದಿಗೆ, ಬರೆದ ದಿನ ಇದ್ದ ಹಾಗೇ ಇತ್ತು.

"ಇದು ಅಂಬಿಕಾ ಬರದದ್ದಲ್ಲ?"

"ಹೂಂ."

"ಸಸಿ ಇತ್ತಲ್ಲ ಇದರಾಗ. ಊರಾಗ ನನಗೂ ಒಂದು ಕೊಟ್ಟಿದ್ಲು. ಆಳೆತ್ತರ ಬಂದೈತಿ."

"ಒಣಗ್ತು."

ಅಂಬಪ್ಪ ಕುಂಡವನ್ನು ಇನ್ನಷ್ಟು ವಾಲಿಸಿದ. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಮಲ್ಲೇಶ ಪ್ರತಿವರ್ಷ ವಿದ್ಯಾರ್ಥಿಗಳನ್ನು ಮಸ್ಕಿಗೆ ಕರೆದೊಯ್ಯುತ್ತಿದ್ದ. ಅಶೋಕನ ಶಾಸನದ ಬಂಡೆಯ ಮುಂದೆ ನಿಂತು, ಧಮ್ಮ ಎಂದರೇನು ಎಂದು ಗಂಟಲು ತುಂಬಿ ಮಾತಾಡುತ್ತಿದ್ದ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಈ ವರ್ಷ ಹಾಗೆ ಹೋಗಿಬಂದ ಸಂಜೆ, ಈ ಮೂಲೆಯ ಕುಂಡ ಗೋಡೆಯ ಕಡೆಗೇ ತಿರುಗಿದೆಯೇ ಎಂದು ನೋಡಿ ಒಳಗೆ ಹೋಗಿದ್ದ.

ಹುಳಗಳು ಎದ್ದವು. ಕುಂಡದೊಳಗೆ ಮೇಣದ ಹಳದಿ ತಟ್ಟಿಗಳು ಒಂದರ ಪಕ್ಕ ಒಂದು ಇಳಿಬಿದ್ದಿದ್ದವು. ಅಂಬಪ್ಪ ಚಾಕು ಹಾಕಿದ. ಕೈಗೆ, ಕುತ್ತಿಗೆಗೆ, ಟವೆಲು ಸರಿದ ಕೆನ್ನೆಗೆ ಹುಳಗಳು ಕಚ್ಚಿದವು. ಪ್ರತಿ ಸಲವೂ ಹುಳದ ತಾಯಿಯನ್ನು ಬೈದ. ಹೊಗೆ ಊದುತ್ತಿದ್ದ ಮಲ್ಲೇಶನ ಹತ್ತಿರ ಒಂದೂ ಸುಳಿಯಲಿಲ್ಲ.

ವೀರಭದ್ರಮ್ಮ ಹಿತ್ತಾಳೆಯ ಬೋಗುಣಿ ತಂದು ದೂರದಲ್ಲಿ ಇಟ್ಟು ಹಿಂದೆ ಸರಿದರು. ಅಂಬಪ್ಪ ಜೇನಿನ ತಟ್ಟಿಗಳನ್ನು ಅದರೊಳಗೆ ಹಾಕಿದ. ಮರಿಯ ತಟ್ಟಿಗಳನ್ನು ತನ್ನ ಚೀಲಕ್ಕೆ ತುಂಬಿದ. ಹುಳಗಳ ಮೋಡವೊಂದು ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ತಿರುಗಿ ಬೇವಿನ ಮರದತ್ತ ಹೋಯಿತು. ಎಲ್ಲ ಮುಗಿಯಿತು. ಇಷ್ಟೇ ಎಂದು ಮಲ್ಲೇಶನಿಗೆ ಅನ್ನಿಸಿತು. ಇನ್ನು ಅವನು ಚೀಲ ಹೊತ್ತು ಹೋಗುತ್ತಾನೆ.

"ಕುಡಿಲಿಕ್ಕ ನೀರು ಕೊಡ್ರಿ ಅಮ್ಮಾರ" ಎಂದ ಅಂಬಪ್ಪ. "ಹೊಗಿಗೆ ಗಂಟಲು ಒಣಗೈತಿ."

ವೀರಭದ್ರಮ್ಮ ಗಿಡಕ್ಕೆಂದು ತುಂಬಿಟ್ಟ ಕೊಡದಿಂದ ಒಂದು ತಂಬಿಗೆ ನೀರು ತೆಗೆದರು. ಎರಡು ಹೆಜ್ಜೆ ಮುಂದೆ ಬಂದರು. ನಿಂತರು. ತಂಬಿಗೆಯನ್ನು ಮಲ್ಲೇಶನ ಕೈಗೆ ಕೊಟ್ಟರು.

"ನೀವ ಹಾಕ್ರಿ ಸರ. ನಾ ಇನ್ನೂ ಪೂಜಿ ಮಾಡಬೇಕು."

ಕೋಣೆಯೊಳಗೆ ಲೋಟ ಇತ್ತು. ಐದಾರು ಲೋಟ ಇದ್ದವು. ಒಂದರ ಮೇಲೆ ಕಾಲೇಜಿನ ಹೆಸರಿತ್ತು. ಮಲ್ಲೇಶ ಕೋಣೆಯ ಬಾಗಿಲ ಕಡೆ ನೋಡಿದ. ಅಂಬಪ್ಪ ಅಷ್ಟರಲ್ಲಿ, ಯಾರೂ ಹೇಳದೆ, ಕುಕ್ಕರುಗಾಲಲ್ಲಿ ಕುಳಿತು ಎರಡೂ ಅಂಗೈ ಕೂಡಿಸಿ ಬಾಯಿಯ ಕೆಳಗೆ ಹಿಡಿದಿದ್ದ.

ಮಲ್ಲೇಶ ಬಗ್ಗಿ ನೀರು ಹಾಕಿದ. ಇಂಥದ್ದನ್ನು ಅವನು ಎಂದೂ ಮಾಡಿರಲಿಲ್ಲ. ಚಿಕ್ಕಂದಿನಲ್ಲಿ ಬೇರೆಯವರ ಅಂಗಳದಲ್ಲಿ ಹೀಗೆ ಕೈಯೊಡ್ಡಿ ಕುಡಿದದ್ದುಂಟು; ಹಾಕುವವನ ಜಾಗದಲ್ಲಿ ನಿಂತದ್ದಿರಲಿಲ್ಲ. ತಂಬಿಗೆಯ ಅಂಚು ಅಂಬಪ್ಪನ ಬೆರಳಿಗೆ ತಾಗುವಷ್ಟು ಹತ್ತಿರ ಹೋಯಿತು.

"ಇನ್ನಷ್ಟು ಮ್ಯಾಲ ಹಿಡೀರಿ ಸರ" ಎಂದ ಅಂಬಪ್ಪ, ತಗ್ಗಿದ ದನಿಯಲ್ಲಿ. "ತಂಬಿಗಿ ತಾಗತೈತಿ."

ಮಲ್ಲೇಶ ಮೇಲೆ ಹಿಡಿದ.

ನೀರು ಸಣ್ಣ ಧಾರೆಯಾಗಿ ಬಿದ್ದಿತು. ಅಂಬಪ್ಪ ಕುಡಿದ. ಅಂಗೈಗೆ ಮೆತ್ತಿದ ಜೇನು ನೀರಿನ ಜೊತೆ ಮೊಣಕೈಗೆ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಮೇಲಿನಿಂದ ಅವನ ನೆತ್ತಿ ಕಾಣುತ್ತಿತ್ತು. ಕೂದಲು ಉದುರಿ ನಡುವೆ ಸಣ್ಣ ಬಯಲಾಗಿತ್ತು. ಒಂದು ಕಾಲದಲ್ಲಿ ಈ ನೆತ್ತಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದು ಮಲ್ಲೇಶ ಕಾಲುವೆ ದಾಟಿದ್ದ. ಅಂಬಪ್ಪ ಸಾಕೆಂದು ತಲೆಯಾಡಿಸಿದ. ಅದು ಸಾಕು ಎಂಬ ಸನ್ನೆ ಎಂದು ಹೊಳೆಯಲು ತಡವಾಯಿತು. ನೀರು ಅವನ ಮುಖದ ಮೇಲೂ ಎದೆಯ ಮೇಲೂ ಬಿತ್ತು.

"ಇರ್ಲಿ ಬಿಡ್ರಿ ಸರ, ಸೆಕಿ ಭಾಳ ಐತಿ" ಎಂದು ಅಂಬಪ್ಪ ಮುಖ ಒರೆಸಿಕೊಂಡ. ಕೆನ್ನೆ ಬಾತು ಒಂದು ಕಣ್ಣು ಅರ್ಧ ಮುಚ್ಚಿತ್ತು.

ಉಳಿದ ನೀರಿನಲ್ಲಿ ಕುಂಡವನ್ನು ತೊಳೆದು, ನೆಟ್ಟಗೆ, ಚಕ್ರ ಹೊರಗೆ ಕಾಣುವಂತೆ ಇಟ್ಟ. ಬೇಕೆಂದೇ ಇಟ್ಟನೋ, ಕೈಗೆ ಬಂದಂತೆ ಇಟ್ಟನೋ. ಚೀಲ ಹೆಗಲಿಗೇರಿಸಿ ಇಬ್ಬರಿಗೂ ಸೇರಿಸಿ ಒಂದು ನಮಸ್ಕಾರ ಹಾಕಿ ಇಳಿದುಹೋದ. ಗೇಟು ಕಿರುಗುಟ್ಟಿತು.

ವೀರಭದ್ರಮ್ಮ ಬೋಗುಣಿಯೊಳಗೆ ಇಣುಕಿದರು. "ಕಮ್ಮಿ ಇಲ್ರಿ. ಅಭಿಷೇಕಕ್ಕ ಸಾಕು." ಆಮೇಲೆ ಗೇಟಿನ ಕಡೆ ನೋಡುತ್ತ, "ಆ ಮನುಷ್ಯಾನ ಕಿವಿ ನೋಡಿದ್ರೇನ್ರಿ ಸರ? ನಿಮ್ಮ ಕಿವಿ ಇದ್ದಂಗ ಅದಾವ. ಹಂಗ ಹೊರಗ ಚಾಚಿ."

"ಹೌದೇನ್ರಿ?"

"ಮುದಗಲ್ಲ ಎಲ್ಲಿ, ಬಳಗಾನೂರ ಎಲ್ಲಿ! ದೇವರು ಒಂದ ಅಚ್ಚಿನಾಗ ಎಷ್ಟ ಮಂದೀನ ಮಾಡಿರ್ತಾನಂತ." ಅವರು ನಕ್ಕರು. ಕಣ್ಣು ನಗುತ್ತಿತ್ತೋ ಇಲ್ಲವೋ, ಬಿಸಿಲಿಗೆ ಅವನಿಗೆ ಕಾಣಲಿಲ್ಲ.

ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಮಲಗಿದ, ನಿದ್ದೆ ಬರಲಿಲ್ಲ. ಕಿವಿಗಳನ್ನು ಮುಟ್ಟಿ ನೋಡಿಕೊಂಡ. ಅವರಿಗೆ ಗೊತ್ತಾಗಿದೆಯೇ? ಮೊದಲಿನಿಂದಲೂ ಗೊತ್ತಿತ್ತೇ? ಗೊತ್ತಿದ್ದೂ ತಂಬಿಗೆಯನ್ನು ಅವನ ಕೈಗೆ ಕೊಟ್ಟರೇ? ಪೂಜೆ ಮಾಡಬೇಕು ಎಂದರು. ಅವರು ದಿನಾ ಪೂಜೆ ಮುಗಿಸಿಯೇ ಮೇಲೆ ಬರುತ್ತಿದ್ದರಲ್ಲ.

ಸಂಜೆ ಮೆಟ್ಟಿಲಲ್ಲಿ ಬಳೆಯ ಸದ್ದಾಯಿತು. ಅವನು ಹೊರಗೆ ಬಂದ. ವೀರಭದ್ರಮ್ಮ ಒಂದು ಸಣ್ಣ ಬಟ್ಟಲಲ್ಲಿ ಜೇನು ತಂದಿದ್ದರು. ಅವನು ಕೈ ಚಾಚಿದ. ಅವರು ಬಟ್ಟಲನ್ನು ಕಟ್ಟೆಯ ಗೋಡೆಯ ಮೇಲೆ ಇಟ್ಟರು.

"ತಿನ್ರಿ ಸರ. ನಿಮ್ಮ ಕುಂಡದ್ದ ಅಲ್ಲೇನು."

ಇಳಿದು ಹೋದರು. ಅವನ ಕೈ ಚಾಚಿದಂತೆಯೇ ಇತ್ತು. ಮೊದಲೆಲ್ಲ ಅವರು ಕೈಗೆ ಕೊಡುತ್ತಿದ್ದರೋ, ಹೀಗೇ ಗೋಡೆಯ ಮೇಲೆ ಇಡುತ್ತಿದ್ದರೋ? ವಿಭೂತಿಯ ತಟ್ಟೆ? ಅಮಾವಾಸ್ಯೆಯ ಹೋಳಿಗೆ? ಎಷ್ಟು ನೆನೆದರೂ ಹೊಳೆಯಲಿಲ್ಲ. ಇಷ್ಟು ವರ್ಷ ಅವರು ಏನು ಕಂಡಾರೋ ಎಂದು ನೋಡುತ್ತಿದ್ದನೇ ಹೊರತು ಅವರನ್ನು ನೋಡಿರಲಿಲ್ಲ.

ಫೋನು ಬಡಿಯಿತು. ಅವ್ವ.

"ಮಲ್ಲೇಶಾ, ಉಂಡೇನಪ್ಪ? ನಿಮ್ಮ ಮಾವ ಫೋನ್ ಹಚ್ಚಿದ್ದ. ಸಿಂಧನೂರಿಗೆ ಬಂದಿದ್ನಂತ."

ಅವನು ಮೆಟ್ಟಿಲ ಕಡೆ ನೋಡಿ ಫೋನನ್ನು ಕಿವಿಗೆ ಒತ್ತಿಕೊಂಡ.

"ನಿನ್ನ ಮನಿಗೂ ಬಂದಿದ್ನಂತ. ಕೀಲಿ ಹಾಕಿತ್ತಂತಲ್ಲ? ಎಲ್ಲಿ ಹೋಗಿದ್ದಿ?"

"...ಕಾಲೇಜಿಗೆ ಹೋಗಿದ್ದೆ."

"ಐತ್ವಾರ?"

"ಕೆಲಸ ಇತ್ತವ್ವ."

"ಪಾಪ, ಇಷ್ಟು ದೂರ ಹೋಗಿ ಭೇಟಿ ಆಗಲಿಲ್ಲ ಅಂತ ಪೇಚಾಡಿದ. ಎಲ್ಲೋ ಜೇನ ಬಿಡಸಾಕ ಹೋಗಿ ಮಾರಿ ಎಲ್ಲಾ ಬಾವಿಸ್ಕೊಂಡಾನ, ಮಾತಾಡಾಕ ಬರವಲ್ದು" ಎಂದು ಅವ್ವ ನಕ್ಕಳು. "ಹೊರಗಿಂದ ನೋಡಿ ಬಂದ್ನಂತ. ಅಳಿಯನ ಮನಿ ಚಲೋ ಐತಿ ಅಂದ. ಗಾಳಿ ಬರ್ತೈತಂತ."

"ಹೂಂ" ಎಂದ ಮಲ್ಲೇಶ.

"ನಾ ಯಾವಾಗ ನೋಡಬೇಕೋ ಏನೋ ನಿನ್ನ ಮನಿ. ಮೆಟ್ಲ ಮೆಟ್ಲ ಅಂತಿ."

"ನೋಡೂಣವ್ವ."

ಫೋನು ಇಟ್ಟಾಗ ಬೆಳಕು ಮಾಸಿತ್ತು. ಮೂಲೆಯಲ್ಲಿ ಸಣ್ಣ ಸದ್ದು. ಬೆಳಿಗ್ಗೆ ಮೇಯಲು ಹೋಗಿ ಹೊಲ ಗದ್ದೆ ಸುತ್ತಿ ಬಂದ ಒಂದಷ್ಟು ಹುಳಗಳು, ಮನೆ ಇಲ್ಲದಾದದ್ದು ತಿಳಿಯದೆ, ಕುಂಡದ ತೂತು ಎಲ್ಲಿತ್ತೋ ಸರಿಯಾಗಿ ಅಷ್ಟು ಎತ್ತರದಲ್ಲಿ ಗಾಳಿಯಲ್ಲಿ ಸುತ್ತುತ್ತಿದ್ದವು. ಕೆಳಗೆ ನೆಲದ ಮೇಲೆ ಕುಂಡ ಕೂತಿದ್ದ ದುಂಡನೆಯ ಗುರುತು. ಪಕ್ಕದಲ್ಲಿ ಅಂಬಪ್ಪ ನೆಟ್ಟಗೆ ಇಟ್ಟುಹೋದ ಕುಂಡ, ಬಿಳಿಯ ಚಕ್ರ ಮೆಟ್ಟಿಲ ಕಡೆಗೆ.

ಅವನು ಕುಂಡ ಎತ್ತಿದ. ಬೋರಲು ಮಾಡಿ ಅದೇ ಗುರುತಿನ ಮೇಲೆ ಕೂರಿಸಿದ. ಹುಳಗಳು ತೂತಿನೊಳಗೆ ಹೋದವು. ಹೋದ ಹಾಗೇ ಹೊರಗೆ ಬಂದವು. ಮತ್ತೆ ಹೋದವು. ಮತ್ತೆ ಬಂದವು.

ಕೆಳಗೆ ಬಾಗಿಲು ತೆರೆದ ಸದ್ದಾಯಿತು. ಅವನ ಕೈ ತನ್ನಷ್ಟಕ್ಕೆ ತಾನೇ ಕುಂಡವನ್ನು ಗೋಡೆಯ ಕಡೆಗೆ ತಿರುಗಿಸತೊಡಗಿತ್ತು. ಅರ್ಧಕ್ಕೆ ನಿಂತಿತು. ಚಕ್ರ ಅರ್ಧ ಕಾಣುತ್ತಿತ್ತು.

ಹುಳಗಳು ಒಂದೊಂದಾಗಿ ಅವನ ಕೈಯ ಮೇಲೆ ಬಂದು ಕೂತವು. ಬೆರಳ ಸಂದಿಯಲ್ಲಿ, ಉಗುರಿನ ಅಂಚಿನಲ್ಲಿ ಹರಿದಾಡಿದವು. ಕಚ್ಚಲಿ ಎಂದು ಅವನು ಕೈ ತೆಗೆಯದೆ ನಿಂತ. ಮೆಟ್ಟಿಲ ಮೇಲೆ ಹೆಜ್ಜೆ ಹತ್ತುತ್ತಿತ್ತೋ, ಇಳಿಯುತ್ತಿತ್ತೋ.

ಒಂದೂ ಕಚ್ಚಲಿಲ್ಲ.